ಹೋಮ್‌ಸ್ಟೇ ಹೆಚ್ಚಾದ ಕಡಲದಂಡೆಯ ಊರು: ಗ್ರಾಮಸಭೆಗೆ ಮೊದಲು ಏನೇನು ಅಳೆದಿಟ್ಟುಕೊಳ್ಳಬೇಕು?

ಪಡುಗಾಳಿ
ಮಲ್ಪೆಯಿಂದ ಕಾಪು, ಪಡುಬಿದ್ರಿ ದಾಟಿ ಸಸಿಹಿತ್ಲು, ಸುರತ್ಕಲ್, ಸೋಮೇಶ್ವರದವರೆಗೂ ಕಡಲಿಗೆ ಮುಖ ಮಾಡಿದ ಮನೆಗಳು ಒಂದೊಂದಾಗಿ ಹೋಮ್‌ಸ್ಟೇ ಆಗ್ತಾ ಉಂಟು. ಶನಿವಾರ ಬಂದು ಭಾನುವಾರ ರಾತ್ರಿ ಬಸ್ ಹತ್ತುವ ಬೆಂಗಳೂರಿನವರು ಒಂದು ಕಡೆ. ಮಣಿಪಾಲದಲ್ಲಿ ಓದುವ ಹೊರದೇಶದ ಮಕ್ಕಳು, ತಿಂಗಳುಗಟ್ಟಲೆ ಮನೆ ಹಿಡಿದು ಉಳಿಯುವ ವಿದೇಶಿಯರು ಇನ್ನೊಂದು ಕಡೆ. ಗೋವಾದ ಅಂಜುನಾ, ಕಳಂಗುಟ್ ಕಡೆ 1960ರ ದಶಕದ ಕೊನೆಗೆ ಬಂದ ಹಿಪ್ಪಿಗಳೂ ಮೊದಲು ಉಳಿದದ್ದು ಊರವರ ಮನೆಯ ಕೋಣೆಗಳಲ್ಲೇ. ಚಾರ್ಟರ್ ವಿಮಾನ, ದೊಡ್ಡ ಹೋಟೆಲು ಎಲ್ಲ ಆಮೇಲಿನದ್ದು. ನಾವು ಆ ಮೊದಲ ಮೆಟ್ಟಿಲಲ್ಲಿ ಇದ್ದೇವೆ ಅಂತ ನನ್ನ ಲೆಕ್ಕ.

ಗ್ರಾಮಸಭೆಯಲ್ಲಿ ಎದ್ದು ನಿಂತು "ಊರು ಹಾಳಾಗ್ತಾ ಉಂಟು" ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಅಂಕಿ ಕೊಟ್ಟರೆ ನಡಾವಳಿಯಲ್ಲಿ ಉಳೀತದೆ. ಬಾವಿ, ಹೊಯ್ಗೆ (ಮರಳು), ದಾರಿ, ಮನೆ ಬಾಡಿಗೆ, ಇವನ್ನು ಯಾವ ತಿಂಗಳಲ್ಲಿ, ಯಾವುದರಿಂದ, ಹೇಗೆ ಅಳೆಯಬೇಕು? ಗೊತ್ತಿದ್ದವರು ವಿವರವಾಗಿ ಬರೆಯಿರಿ ಮಾರಾಯ್ರೆ.

ಬಾವಿಕಟ್ಟೆ
ಮೊದಲು ಬಾವಿ. ಉಳಿದದ್ದೆಲ್ಲ ಅದರ ನಂತರ.

ಪಡುಕರೆಯಂಥ ಜಾಗವನ್ನು ನೋಡಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಉದ್ಯಾವರ ಹೊಳೆ, ನಡುವೆ ಹೊಯ್ಗೆಯ ಪಟ್ಟಿ. ಅದರೊಳಗಿನ ಸಿಹಿನೀರು ಮಳೆಯಿಂದ ಬಂದದ್ದು, ಉಪ್ಪುನೀರಿನ ಮೇಲೆ ತೇಲಿಕೊಂಡು ಇರ್ತದೆ. ಲೆಕ್ಕ ಹೀಗೆ: ಸಮುದ್ರ ಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲೆ ಇದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರ್ತದೆ. ಹಾಗಾಗಿ ಬಾವಿಯ ಮಟ್ಟ ಅರ್ಧ ಅಡಿ ಇಳಿದು ಹಾಗೇ ನಿಂತಿತು ಅಂದರೆ ಕೆಳಗಿನ ಉಪ್ಪು ನಿಧಾನಕ್ಕೆ 20 ಅಡಿ ಮೇಲೆ ಬರಬಹುದು. ಬೋರ್‌ವೆಲ್ ಕೊರೆದರೆ ನೇರ ಉಪ್ಪಿಗೇ ಕೈ ಹಾಕಿದಂತೆ.

ಈಗ ಬಳಕೆ. 4 ಅಡಿ ವ್ಯಾಸದ ರಿಂಗ್ ಬಾವಿಯಲ್ಲಿ 6 ಅಡಿ ನೀರಿದ್ದರೆ ಅದು ಸುಮಾರು 2100 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ನಾಲ್ಕು ಜನರ ಮನೆಗೆ 540. ನಾಲ್ಕು ಕೋಣೆ ಮಾಡಿ ಎಂಟು ಅತಿಥಿ ಸೇರಿದರೆ 1620. ಅದರ ಮೇಲೆ ದಿನದಿನ ಒಗೆಯುವ ಹಾಸು, ಟವೆಲು. ಅಂದರೆ ಬಾವಿಯಲ್ಲಿ ನಿಂತ ನೀರಷ್ಟೂ ದಿನಕ್ಕೊಮ್ಮೆ ಮೇಲೆ ಬರಬೇಕು. ಮಾರ್ಚ್‌ವರೆಗೆ ಹೊಯ್ಗೆ ಅಷ್ಟು ಕೊಡ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಡುವುದಿಲ್ಲ. ಮಕ್ಕಳಿಗೆ ಶಾಲೆ ರಜೆ, ಹಾಗಾಗಿ ಅತಿಥಿಗಳು ಹೆಚ್ಚು ಬರುವುದೂ ಆಗಲೇ.

ಅಳೆಯುವ ಕ್ರಮ: ಡಿಸೆಂಬರ್‌ನಿಂದ ಮೇ ತನಕ ತಿಂಗಳಿಗೊಮ್ಮೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು. ಬಾವಿಕಟ್ಟೆಯ ಮೇಲೆ ಪೇಂಟಿನಲ್ಲಿ ಒಂದು ಗುರುತು ಹಾಕಿ, ಅಲ್ಲಿಂದಲೇ ಟೇಪ್ ಇಳಿಸಿ ನೀರಿನ ಮಟ್ಟ ಬರೆದುಕೊಳ್ಳಿ. ಪೆನ್ನಿನ ಆಕಾರದ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಮೀಟರಿನಲ್ಲಿ ಒಂದು ರೀಡಿಂಗ್. ಒಂದು ಗಂಟೆ ಪಂಪ್ ಓಡಿಸಿ ಇನ್ನೊಂದು. ಈ ಎರಡನೆಯದ್ದೇ ಮುಖ್ಯ. ಮೊದಲು 250 ಇದ್ದದ್ದು ಗಂಟೆಯ ನಂತರ 450 ಆಯ್ತು ಅಂದರೆ ಪಂಪು ಕೆಳಗಿನ ಉಪ್ಪನ್ನು ಎಳೆಯುತ್ತಾ ಉಂಟು. ಬಾಯಿಗೆ ರುಚಿ ಗೊತ್ತಾಗುವ ಹೊತ್ತಿಗೆ ತಡ ಆಗಿರ್ತದೆ. ಕುಡಿಯುವ ನೀರಿನ ಮಾನಕದಲ್ಲಿ ಟಿಡಿಎಸ್ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 2000. ಸಮುದ್ರದ ನೀರು ಸುಮಾರು 35,000. ನೂರು ಲೀಟರಿಗೆ ಎರಡು ಲೀಟರ್ ಕಡಲ ನೀರು ಸೇರಿದರೆ ಸಾಕು, 700 ಹೆಚ್ಚಾಯಿತು.

ಸರಿಪಡಿಸುವುದಾದರೆ ಸಣ್ಣ ಪಂಪು, ಅರ್ಧ ಎಚ್‌ಪಿ. ಒಂದೇ ಸಲ ಒಂದು ಗಂಟೆ ಓಡಿಸುವ ಬದಲು ದಿನಕ್ಕೆ ಐದಾರು ಸಲ ಹತ್ತು ಹತ್ತು ನಿಮಿಷ. ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ಕೆಳ ತುದಿ) ತಳಕ್ಕೆ ತಾಗಿಸಬೇಡಿ, ಒಂದೂವರೆ ಅಡಿ ಮೇಲಿರಲಿ.

ಕುದ್ರುಮನೆ
@ಬಾವಿಕಟ್ಟೆ ಅಣ್ಣ, ಕೆಲವು ಕಡೆ ಆರ್‌ಒ (ಉಪ್ಪು ಸೋಸುವ ಯಂತ್ರ) ಹಾಕಿ "ಉಪ್ಪಿನ ಸಮಸ್ಯೆ ಮುಗೀತು" ಅಂತಾರಲ್ಲ?

ಬಾವಿಕಟ್ಟೆ
ಮುಗಿಯುವುದಿಲ್ಲ. ಮನೆಯ ಆರ್‌ಒ ಒಂದು ಲೀಟರ್ ಕೊಡ್ಲಿಕ್ಕೆ ಎರಡು ಮೂರು ಲೀಟರ್ ಹೊರಗೆ ಬಿಡ್ತದೆ. ಅಷ್ಟು ನೀರೂ ಅದೇ ಬಾವಿಯಿಂದ ಎತ್ತಿದ್ದು. ಹೊರಗೆ ಬಿಟ್ಟದ್ದು ಹೆಚ್ಚು ಉಪ್ಪಿನದ್ದು, ಅದೇ ಹೊಯ್ಗೆಯಲ್ಲಿ ಇಂಗಿ ಪಕ್ಕದ ಬಾವಿಗೆ ಹೋಗ್ತದೆ. ಅಡುಗೆ ಮತ್ತು ಕುಡಿಯುವ ನೀರಿಗಷ್ಟೇ ಆರ್‌ಒ ಇರಲಿ, ಸ್ನಾನದ ಲೈನಿಗೆ ಬೇಡ.

ಮುರಕಲ್ಲು
ಬಾವಿಯ ಜೊತೆ ಪಿಟ್ಟನ್ನೂ (ಕಕ್ಕಸಿನ ಇಂಗುಗುಂಡಿ) ಅಳೆಯಲೇಬೇಕು. ಹಳೇ ಮನೆಗಳ ಸೆಪ್ಟಿಕ್ ಟ್ಯಾಂಕು ನಾಲ್ಕೈದು ಜನರಿಗೆ ಅಂತ ಕಟ್ಟಿದ್ದು. ಹತ್ತು ಜನರಿಗೆ ಬೇಕಾದ ಒಳ ಅಳತೆ ಸುಮಾರು 2 ಮೀಟರ್ ಉದ್ದ, 0.9 ಮೀಟರ್ ಅಗಲ, ನೀರಿನ ಆಳ 1 ಮೀಟರ್. ಹನ್ನೆರಡು ಜನ ಬಳಸುವಾಗ ಹಳೇ ಟ್ಯಾಂಕಿನಲ್ಲಿ ಕೆಸರು ತಳಕ್ಕೆ ಕೂರಲು ಸಮಯವೇ ಸಿಗುವುದಿಲ್ಲ, ಬಂದ ಹಾಗೇ ಇಂಗುಗುಂಡಿಗೆ ದಾಟ್ತದೆ.

ಇಂಗುಗುಂಡಿಯಿಂದ ಕುಡಿಯುವ ನೀರಿನ ಬಾವಿಗೆ ಕನಿಷ್ಠ 18 ಮೀಟರ್ ಇರಬೇಕು. ಈಗ ದಂಡೆಯಲ್ಲಿ ಸಿಗುವ ಸೈಟುಗಳನ್ನು ನೋಡಿ: 5 ಸೆಂಟ್ಸ್ ಅಂದರೆ ಸುಮಾರು 202 ಚದರ ಮೀಟರ್, 10 ಮೀಟರ್ ಅಗಲ, 20 ಮೀಟರ್ ಉದ್ದ. ನಿಮ್ಮ ಪಿಟ್ಟು ನಿಮ್ಮ ಬಾವಿಯಿಂದ ದೂರ ಹೋದಷ್ಟೂ ಪಕ್ಕದವರ ಬಾವಿಗೆ ಹತ್ತಿರ. ಸಾಲಾಗಿ ನಾಲ್ಕು ಸೈಟು ಆದರೆ 18 ಮೀಟರ್ ನಿಯಮ ಪಾಲಿಸುವುದು ಬಹಳ ಕಷ್ಟ. ಆದ ಕಾರಣ ಗ್ರಾಮಸಭೆಯಲ್ಲಿ ಮನೆ ಲೆಕ್ಕ ಕೇಳುವುದಕ್ಕಿಂತ ಬಾವಿ ಮತ್ತು ಪಿಟ್ಟಿನ ನಕ್ಷೆ ಕೇಳಿ. ಒಂದು ಹಾಳೆಯಲ್ಲಿ ಪ್ರತಿ ಬಾವಿಗೆ ನೀಲಿ ಚುಕ್ಕೆ, ಪ್ರತಿ ಪಿಟ್ಟಿಗೆ ಕೆಂಪು ಚುಕ್ಕೆ, ನಡುವಿನ ದೂರ ಮೀಟರಿನಲ್ಲಿ. ಅದೊಂದು ಹಾಳೆ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡ್ತದೆ.

ಮಳೆಗಾಲದ ಕತೆ ಬೇರೆ. ಜುಲೈಯಲ್ಲಿ ದಂಡೆಯ ಹೊಯ್ಗೆಯಲ್ಲಿ ಅಂಗಳದಿಂದ ಎರಡು ಮೂರು ಅಡಿಗೇ ನೀರು ಸಿಗ್ತದೆ. ಇಂಗುಗುಂಡಿ ಆಗ ಇಂಗಿಸುವುದಿಲ್ಲ, ತುಂಬಿ ನಿಲ್ತದೆ, ಕಮೋಡ್ ಮೇಲೆ ಬರ್ತದೆ. ಗಾಬರಿಯಲ್ಲಿ ಗಾಡಿ ಕರೆಸಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಬೇಡಿ. ಖಾಲಿ ಟ್ಯಾಂಕನ್ನು ಸುತ್ತಲಿನ ನೀರು ಕೆಳಗಿನಿಂದ ಎತ್ತಿ ಬಿಡ್ತದೆ, ಪೈಪಿನ ಜೋಡಣೆ ಒಡೀತದೆ. ಖಾಲಿ ಮಾಡಿಸುವ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿಸಿ.

ಪಡುಗಾಳಿ
ಈ ನಕ್ಷೆಯ ಉಪಾಯ ಒಳ್ಳೆಯದುಂಟು. ಬಾವಿನೀರಿನಲ್ಲಿ ಇ-ಕೊಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಉಂಟಾ ಅಂತ ನೋಡುವುದು ಹೇಗೆ?

ಮುರಕಲ್ಲು
ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಸ್ಟೆರೈಲ್ ಬಾಟಲಿಯಲ್ಲಿ ಕೊಡಬೇಕು. ಬಾಟಲಿ ಅಲ್ಲಿಂದಲೇ ತನ್ನಿ, ಮಿನರಲ್ ವಾಟರ್ ಬಾಟಲಿ ನಡೆಯುವುದಿಲ್ಲ. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಮೊದಲ ಸಲ ಮೇ ಕೊನೆಗೆ, ಎರಡನೇ ಸಲ ಜುಲೈಯಲ್ಲಿ, ಪಿಟ್ಟು ತುಂಬಿ ನಿಂತಾಗ. ಕುಡಿಯುವ ನೀರಿನಲ್ಲಿ ಇ-ಕೊಲೈ ಒಂದೂ ಇರಬಾರದು.

ಕೈರಂಪಣಿ
ನೀರಿನ ವಿಷಯ ಸರಿ. ಆದರೆ ದಂಡೆ ಯಾರದ್ದು ಅನ್ನುವ ಪ್ರಶ್ನೆಗೂ ಅಳತೆ ಉಂಟು, ಅದನ್ನು ಯಾರೂ ಬರೆಯುವುದಿಲ್ಲ.

ಕೈರಂಪಣಿ (ದಂಡೆಯಲ್ಲಿ ನಿಂತು ಕೈಯಲ್ಲೇ ಎಳೆಯುವ ಬಲೆ) ಹಾಕುವಾಗ ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರನ ಹಾಗೆ ಬಿಟ್ಟು ಬರ್ತಾರೆ. ಎರಡು ತುದಿಯ ಹಗ್ಗ ದಂಡೆಗೆ ಬರ್ತದೆ, ಎರಡೂ ಬದಿಯಲ್ಲಿ ಸಾಲಾಗಿ ನಿಂತು ಎಳೀತಾರೆ. ಎಳೆಯುತ್ತಾ ಹೋದ ಹಾಗೆ ಎರಡು ಸಾಲೂ ಹತ್ತಿರ ಬರಬೇಕು. ಅಂದರೆ ನೂರಾರು ಮೀಟರ್ ದಂಡೆ ಖಾಲಿ ಇರಬೇಕು. ನಡುವೆ ಒಂದು ಕಲ್ಲಿನ ರಾಶಿ ಇದ್ದರೆ ಬಲೆ ಹರೀತದೆ. ಕೊಡೆ, ಕುರ್ಚಿ, ಜೆಟ್‌ಸ್ಕೀ ನಿಲ್ಲಿಸುವ ಜಾಗ ಬಂದರೆ ಸಾಲು ಸರಿಯಲು ಆಗುವುದಿಲ್ಲ. ಯಾರೂ ನಿಷೇಧ ಹಾಕಬೇಕಾಗಿಲ್ಲ, ಜಾಗ ಇಲ್ಲದೆ ಬಲೆ ತಾನೇ ಮೂಲೆ ಸೇರ್ತದೆ. ದೊಡ್ಡ ರಂಪಣಿ 1970ರ ದಶಕದ ಕೊನೆಗೆ ಪರ್ಸಿನ್ ಬೋಟು (ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವ ಯಾಂತ್ರಿಕ ಬೋಟು) ಬಂದ ಮೇಲೆ ಇಲ್ಲವಾಯಿತು. ಕೈರಂಪಣಿ ಹೋಗುವುದಾದರೆ ಕುರ್ಚಿಯಿಂದ.

ಒಣಮೀನಿನದ್ದೂ ಹಾಗೇ. ಬೂತಾಯಿ, ನಂಗು ಮೀನು ಹರಡಲು ಬಿಸಿಲು ಬೀಳುವ ಚೊಕ್ಕ ಹೊಯ್ಗೆ ಬೇಕು. ಪಕ್ಕದಲ್ಲಿ ಕೋಣೆ ಬಾಡಿಗೆಗೆ ಕೊಟ್ಟವರಿಗೆ ವಾಸನೆಯ ದೂರು ಬರ್ತದೆ, ಅವರು ಹರಡುವ ಹೆಂಗಸರಿಗೆ "ಸ್ವಲ್ಪ ಆಚೆ ಹಾಕಿ ಅಕ್ಕ" ಅಂತಾರೆ. ಆಚೆ ಅಂದರೆ ಎಲ್ಲಿ? ಹಾಗಾಗಿ ಮೀನು ಒಣಗಿಸುವ ಜಾಗ, ಬಲೆ ಹರಡುವ ಜಾಗ, ನಾಡದೋಣಿ ಎಳೆದಿಡುವ ಜಾಗ, ಮೂರನ್ನೂ ಸರ್ವೆ ನಂಬ್ರ ಸಮೇತ ಈಗಲೇ ಬರೆಸಿ, ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಗುರುತು ಉಂಟಾ ಅಂತ ನೋಡಿ. ಇಲ್ಲದಿದ್ದರೆ ಸೇರಿಸಲು ಬರವಣಿಗೆಯಲ್ಲಿ ಕೇಳಿ.

ಇನ್ನೊಂದು. "ಮೀನುಗಾರಿಕೆ ಇಲ್ಲದಾಗ ಪ್ರವಾಸೋದ್ಯಮ ಕೈ ಹಿಡೀತದೆ" ಅನ್ನುವ ಮಾತು ನಮ್ಮ ಕರಾವಳಿಗೆ ಹೊಂದುವುದಿಲ್ಲ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಸೇಂಟ್ ಮೇರೀಸ್ ದ್ವೀಪದ ಬೋಟೂ ಮಳೆಗಾಲದಲ್ಲಿ ನಿಲ್ತದೆ, ಬೀಚಿಗೆ ಇಳಿಯುವುದನ್ನೂ ತಡೀತಾರೆ. ಎರಡೂ ದುಡಿಮೆ ನಿಲ್ಲುವುದು ಅದೇ ತಿಂಗಳುಗಳಲ್ಲಿ. ಸಾಲ ಮಾಡಿ ಕೋಣೆ ಕಟ್ಟುವವರು ಕಂತಿನ ಲೆಕ್ಕವನ್ನು ಎಂಟು ತಿಂಗಳ ಆದಾಯದ ಮೇಲೆ ಹಾಕಬೇಕು.

ಕುದ್ರುಮನೆ
ಇದು ಸತ್ಯ. ಬಾಡಿಗೆಯದ್ದೂ ಸೇರಿಸಿ. ತಿಂಗಳ ಬಾಡಿಗೆಗೆ ಕೊಡ್ತಾ ಇದ್ದ ಕೋಣೆ ದಿನದ ಬಾಡಿಗೆಗೆ ಹೋದ ಕೂಡಲೇ ಮೊದಲು ಹೊರಗೆ ಬೀಳುವವರು ಹೊರ ಊರಿನಿಂದ ಬಂದ ಬೋಟಿನ ಕೆಲಸದವರು, ಶಾಲೆಯ ಟೀಚರು, ನರ್ಸು. ಊರಿನಲ್ಲಿ ತಿಂಗಳ ಬಾಡಿಗೆಗೆ ಎಷ್ಟು ಮನೆ, ದಿನದ ಬಾಡಿಗೆಗೆ ಎಷ್ಟು ಅಂತ ಪ್ರತಿ ಜನವರಿಯಲ್ಲಿ ಎಣಿಸಿ ಬರೆದಿಟ್ಟರೆ ಸಾಕು, ಬದಲಾವಣೆ ಎಷ್ಟು ಬೇಗ ಆಗ್ತಾ ಉಂಟು ಅಂತ ಗೊತ್ತಾಗ್ತದೆ.

ಅಳಿವೆಬಾಗಿಲು
ಕಡಲ್ಕೊರೆತದ ಬಗ್ಗೆ. ಹೊಸದಾಗಿ ಜಾಗ ತೆಗೆದವರು ಮಾಡುವ ದೊಡ್ಡ ತಪ್ಪು: ಜನವರಿಯ ಬೀಚ್ ನೋಡಿ ಮನೆ ಕಟ್ಟುವುದು, ಆಗಸ್ಟಿನ ಬೀಚ್ ನೋಡಿ ಕಲ್ಲು ಹಾಕಿಸುವುದು.

ಜೂನ್‌ನಲ್ಲಿ ದೊಡ್ಡ ಅಲೆ ದಂಡೆಯ ಹೊಯ್ಗೆಯನ್ನು ಎಳೆದು ಸ್ವಲ್ಪ ಒಳಗೆ, ನೀರಿನಡಿಯಲ್ಲಿ ದಿಬ್ಬ ಕಟ್ತದೆ. ಆ ದಿಬ್ಬವೇ ಮುಂದಿನ ಅಲೆಗಳನ್ನು ದೂರದಲ್ಲಿ ಒಡೀತದೆ. ಅಕ್ಟೋಬರ್ ನಂತರ ಸಣ್ಣ ಅಲೆಗಳು ಅದೇ ಹೊಯ್ಗೆಯನ್ನು ಮೆಲ್ಲ ಮೆಲ್ಲ ದಂಡೆಗೆ ತರ್ತವೆ. ಆದ್ದರಿಂದ ಫೆಬ್ರವರಿಯನ್ನು ಫೆಬ್ರವರಿಯೊಂದಿಗೆ ಹೋಲಿಸಿ, ಆಗಸ್ಟನ್ನು ಆಗಸ್ಟಿನೊಂದಿಗೆ. ದಂಡೆಯಿಂದ ಸಾಕಷ್ಟು ಒಳಗಿರುವ ಒಂದು ಬಾವಿಕಟ್ಟೆ ಅಥವಾ ಗಟ್ಟಿ ಕಂಬಕ್ಕೆ ಮೊಳೆ ಹೊಡೆದು, ಅಲ್ಲಿಂದ ಹಸಿರು ಬಳ್ಳಿ ಮುಗಿಯುವ ಗೆರೆಯ ತನಕ ಟೇಪ್ ಹಿಡಿಯಿರಿ. ನೀರಿನ ಅಂಚಿಗೆ ಅಳೆಯಬೇಡಿ, ಅದು ಭರತ ಇಳಿತಕ್ಕೆ ತಕ್ಕಂತೆ ಗಂಟೆಗೊಂದು ಕಡೆ ಇರ್ತದೆ. ಮೂರು ವರ್ಷ ಫೆಬ್ರವರಿಯ ಅಳತೆ ಕಡಿಮೆಯಾಗುತ್ತಲೇ ಹೋದರೆ ಆಗ ಅದು ನಿಜವಾದ ಕೊರೆತ.

ಕಲ್ಲಿನ ತಡೆಗೋಡೆ ಯಾಕೆ ಕುಸೀತದೆ? ಟಿಪ್ಪರಿನಲ್ಲಿ ತಂದ ಬಂಡೆಯನ್ನು ನೇರ ಹೊಯ್ಗೆಯ ಮೇಲೆ ಸುರಿದರೆ ಪ್ರತಿ ಅಲೆ ವಾಪಸು ಹೋಗುವಾಗ ಕಲ್ಲಿನ ಸಂದಿನಿಂದ ಹೊಯ್ಗೆಯನ್ನು ಹೀರಿಕೊಂಡು ಹೋಗ್ತದೆ, ಮೇಲಿನ ಬಂಡೆ ಇಳೀತಾ ಹೋಗ್ತದೆ. ಅಡಿಗೆ ನೀರು ಬಿಟ್ಟು ಹೊಯ್ಗೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಪದರ, ಆಮೇಲೆ ದೊಡ್ಡ ಬಂಡೆ ಬೇಕು. ಗೋಡೆಯ ಬುಡ ಮಳೆಗಾಲದಲ್ಲಿ ಹೊಯ್ಗೆ ಇಳಿಯುವ ಮಟ್ಟಕ್ಕಿಂತಲೂ ಕೆಳಗೆ ಕೂತಿರಬೇಕು. ಇಷ್ಟೆಲ್ಲ ಸರಿ ಮಾಡಿದರೂ ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಪಕ್ಕದ ಜಾಗವನ್ನು ತಿಂತದೆ. ಹಾಗಾಗಿ ಒಬ್ಬರು ಗೋಡೆ ಕಟ್ಟಿದರೆ ಸಾಲಾಗಿ ಎಲ್ಲರೂ ಕಟ್ಟಬೇಕಾಗ್ತದೆ. ಕೊನೆಗೆ ಮನೆ ಉಳೀತದೆ, ನಡೆದಾಡುವ ಬೀಚ್ ಉಳಿಯುವುದಿಲ್ಲ. ಅತಿಥಿ ಬಂದದ್ದು ಆ ಬೀಚಿಗೆ.

ಉಳ್ಳಾಲ ನಮ್ಮ ಕಣ್ಣ ಮುಂದೆಯೇ ಉಂಟು. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯನ್ನು ಕಾಯಲು ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲಿಗೆ ಚಾಚಿದ ಕಲ್ಲಿನ ಕಟ್ಟೆ) ಬಂತು, ಅದರ ದಕ್ಷಿಣಕ್ಕೆ ಕೊರೆತ ಊರನ್ನೇ ಕಾಡಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ರೀಫ್ (ನೀರಿನಡಿಯ ದಿಬ್ಬ) ಮಾಡಿ ತಡೆಯುವ ಕೆಲಸ ಆಗಬೇಕಾಯಿತು. ಕಡಲಿನಲ್ಲಿ ಒಂದು ಕಡೆ ಮಾಡಿದ್ದರ ಪರಿಣಾಮ ಇನ್ನೊಂದು ಊರಿಗೆ ಹೋಗ್ತದೆ.

ತೇಲುವ ಕಟ್ಟಣೆಯೂ ಅಷ್ಟೇ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ತೇಲುಸೇತುವೆ ಹಾಕಿದರು, ಕೆಲವೇ ದಿನದಲ್ಲಿ ಅಲೆಗೆ ಬಿಡಿ ಬಿಡಿಯಾಯಿತು. ಮೇ ಅಂದರೆ ಕಡಲು ಬದಲಾಗುವ ತಿಂಗಳು. ಹೊಸತೇನು ಮಾಡುವುದಿದ್ದರೂ ನವೆಂಬರ್‌ನಲ್ಲಿ ಶುರು ಮಾಡಿ, ಮೇ ಮೊದಲ ವಾರದೊಳಗೆ ಬಿಚ್ಚಿ ಮೇಲಿಡಬೇಕು.

ದಂಡೆಯ ಅಡುಂಬು ಬಳ್ಳಿಯನ್ನು "ಕ್ಲೀನ್" ಮಾಡಿಸಬೇಡಿ ಅಂತ ಕೈಮುಗಿದು ಕೇಳ್ತೇನೆ. ನೇರಳೆ ಹೂವಿನ ಆ ಬಳ್ಳಿ ಗಂಟು ಗಂಟಿಗೂ ಬೇರು ಬಿಟ್ಟು ಹಾರುವ ಹೊಯ್ಗೆಯನ್ನು ಹಿಡಿದು ದಿಬ್ಬ ಕಟ್ತದೆ. ಜೆಸಿಬಿ ಒಂದು ಬೆಳಿಗ್ಗೆ ತೆಗೆದದ್ದನ್ನು ಹೊಯ್ಗೆ ಮತ್ತೆ ಕಟ್ಟಲು ವರ್ಷಗಳು ಬೇಕು.

ಸಸಿಹಿತ್ಲು_ಬದಿ
ದೀಪದ ಬಗ್ಗೆಯೂ ಬರೆಯಿರಿ. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಟ್ಟಿದ್ದವು. ಮರಿ ಹೊರಬರಲು ಸುಮಾರು 45ರಿಂದ 60 ದಿನ. ಮರಿ ಬೆಳಕಿದ್ದ ಕಡೆ ನಡೀತದೆ. ಕಡಲಿನ ಕಡೆ ಮುಖ ಮಾಡಿದ ಬಿಳಿ ಎಲ್‌ಇಡಿ ಫ್ಲಡ್‌ಲೈಟ್ ಇದ್ದರೆ ಅದು ರಸ್ತೆಗೇ ಬರ್ತದೆ. ದೀಪ ಕೆಳಮುಖವಾಗಿ, ಮರೆ ಹಾಕಿ, ಹಳದಿ ಬಣ್ಣದ್ದು ಇರಲಿ. ನವೆಂಬರ್‌ನಿಂದ ಏಪ್ರಿಲ್ ತನಕ ಕಡಲ ಬದಿಯದ್ದನ್ನು ರಾತ್ರಿ ಆರಿಸಿ.

ಹೊರಗಿನವರು ಬಂದದ್ದರಿಂದ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಮುಲ್ಕಿಯಲ್ಲಿ 2004ರಲ್ಲಿ ಸರ್ಫಿಂಗ್ ಶುರು ಮಾಡಿದವರು ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಜಾಕ್ ಹೆಬ್ನರ್, ಸರ್ಫಿಂಗ್ ಸ್ವಾಮಿ ಅಂತಲೇ ಹೆಸರು. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಹಲಗೆ ಹಿಡಿದವರು ಬೆಳಿಗ್ಗೆ ಬಂದು ಸಂಜೆ ಹೋಗ್ತಾರೆ, ದಂಡೆಯಲ್ಲಿ ಏನೂ ಕಟ್ಟಬೇಕಾಗಿಲ್ಲ. ನಮ್ಮ ಕರಾವಳಿಗೆ ಹೊಂದುವುದು ಇಂಥದ್ದು.

ಕಡತ
ಕಾನೂನಿನ ಭಾಗ ನಾನು ಬರೀತೇನೆ, ಯಾಕೆಂದರೆ ತಪ್ಪು ತಿಳುವಳಿಕೆ ಹೆಚ್ಚು ಇರುವುದು ಇಲ್ಲೇ.

2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಗ್ರಾಮೀಣ ದಂಡೆ ಮೂರನೇ ವಲಯ. ಅದರಲ್ಲಿ ಎರಡು ಬಗೆ. 2011ರ ಜನಗಣತಿಯಂತೆ ಚದರ ಕಿ.ಮೀಗೆ 2161ಕ್ಕಿಂತ ಹೆಚ್ಚು ಜನ ಇದ್ದರೆ ಭರತ ರೇಖೆಯಿಂದ 50 ಮೀಟರ್ ಕಟ್ಟಡ ನಿಷೇಧ, ಉಳಿದ ಕಡೆ 200 ಮೀಟರ್. ಅಳಿವೆ, ಹೊಳೆಯ ಬದಿಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಕಡಲು, ಹೊಳೆ ಎರಡರ ನಡುವಿನ ಜಾಗಕ್ಕೆ ಎರಡು ಕಡೆಯಿಂದಲೂ ಅಳತೆ ಬೀಳ್ತದೆ. ಭರತ ರೇಖೆ ಅಂದರೆ ನಿಮ್ಮ ಕಣ್ಣಿಗೆ ಕಂಡ ಒದ್ದೆ ಗೆರೆ ಅಲ್ಲ, ಅನುಮೋದನೆಯಾದ ನಕ್ಷೆಯಲ್ಲಿ ಎಳೆದ ಗೆರೆ. ಪಂಚಾಯತಿನಲ್ಲಿ 9/11 (ಆಸ್ತಿಯ ನಮೂನೆ 9 ಮತ್ತು 11) ಆಗಿದೆ ಅಂದ ಮಾತ್ರಕ್ಕೆ ಕಟ್ಟಬಹುದು ಅಂತಲ್ಲ.

ಈಗಾಗಲೇ ಇರುವ ಮನೆಯಲ್ಲಿ ಸ್ಥಳೀಯರು ಹೋಮ್‌ಸ್ಟೇ ನಡೆಸಲು ಅದೇ ಅಧಿಸೂಚನೆಯಲ್ಲಿ ಅವಕಾಶ ಉಂಟು. ಆದರೆ ಮನೆಯ ಪಂಚಾಂಗದ (ಪ್ಲಿಂತ್) ವಿಸ್ತೀರ್ಣ, ವಿನ್ಯಾಸ, ಎದುರಿನ ರೂಪ ಬದಲಾಗಬಾರದು. ಮನೆಯವರು ಅಲ್ಲೇ ಇರಬೇಕು ಅನ್ನುವುದು ಹೋಮ್‌ಸ್ಟೇ ಅನ್ನುವ ಪದದಲ್ಲೇ ಇದೆ. ಮನೆಯವರೆಲ್ಲ ಪೇಟೆಗೆ ಹೋಗಿ ಮ್ಯಾನೇಜರ್ ಇಟ್ಟದ್ದು ಲಾಡ್ಜ್. ಗ್ರಾಮಸಭೆಯಲ್ಲಿ ಈ ವ್ಯತ್ಯಾಸದ ಮೇಲೆ ಗಟ್ಟಿಯಾಗಿ ನಿಲ್ಲಿ.

ವಿದೇಶಿಯರ ಬಗ್ಗೆ: ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ತುಂಬಬೇಕು, ಜನ ಇನ್ನೂ ಸಿ ಫಾರ್ಮ್ ಅಂತಲೇ ಹೇಳೋದು. ಒಂದು ರಾತ್ರಿ ಉಳಿದರೂ ತುಂಬಬೇಕು, ಬಾಡಿಗೆ ತೆಗೆದುಕೊಳ್ಳದಿದ್ದರೂ ತುಂಬಬೇಕು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಜಾಗ ಮಾರಲು ಬರುವುದಿಲ್ಲ, 5 ವರ್ಷ ಮೀರದ ಲೀಸ್ ಮಾತ್ರ ಆಗಬಹುದು. ಎನ್‌ಆರ್‌ಐ (ಅನಿವಾಸಿ ಭಾರತೀಯರು), ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರು ಮನೆ ಕೊಳ್ಳಬಹುದು, ಕೃಷಿ ಜಮೀನು ಕೊಳ್ಳುವಂತಿಲ್ಲ. ದಂಡೆಯ ತೆಂಗಿನ ತೋಟ ಪಹಣಿಯಲ್ಲಿ ಕೃಷಿಯೇ. "ನಿಮ್ಮ ಹೆಸರಲ್ಲಿ ತೆಗೆಯೋಣ, ದುಡ್ಡು ನಮ್ಮದು" ಅಂದರೆ ಅದು ಬೇನಾಮಿ, ಜಾಗ ಮುಟ್ಟುಗೋಲಾಗಬಹುದು.

ಕೊನೆಯದ್ದು ಕಡಲಿಗೆ ಹೋಗುವ ಓಣಿ. ಮೊದಲು ಗೇಟು ಬೀಳುವುದು ಇಲ್ಲಿಗೆ. ಖಾಸಗಿ ಜಾಗದ ಮೂಲಕ 20 ವರ್ಷ ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ ನಡೆದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಹಕ್ಕು ಕೇಳಬಹುದು, ಸರಕಾರಿ ಜಾಗಕ್ಕೆ 30 ವರ್ಷ. ಆದರೆ ತಡೆ ಬಿದ್ದ ಎರಡು ವರ್ಷದೊಳಗೆ ದಾವೆ ಹೂಡಬೇಕು. ಗೇಟು ಹಾಕಿದಾಗ "ಪರಿಚಯದವರೇ ಅಲ್ವಾ" ಅಂತ ಸುಮ್ಮನಿದ್ದರೆ ಆ ಎರಡು ವರ್ಷ ಹೋಯ್ತು. ಪ್ರತಿ ಓಣಿಯ ಅಗಲ, ಎರಡೂ ಬದಿಯ ಸರ್ವೆ ನಂಬ್ರ, ತಾರೀಕು ಕಾಣುವ ಫೋಟೋ, ಮೂರೂ ಇರಲಿ.

ಮುರಕಲ್ಲು
ಕಟ್ಟುವವರಿಗೆ ಒಂದು ಮಾತು. ಕಡಲ ಹನಿ ತಾಗುವ ಕಡೆ ಐಎಸ್ 456 ಎಂಬ ಮಾನಕದಂತೆ ಕಾಂಕ್ರೀಟ್ ಕನಿಷ್ಠ ಎಂ35 ದರ್ಜೆಯದ್ದು, ಘನ ಮೀಟರಿಗೆ 340 ಕೆ.ಜಿ ಸಿಮೆಂಟ್, ಕಬ್ಬಿಣದ ಮೇಲೆ 50 ಮಿ.ಮೀ ಹೊದಿಕೆ. ಊರ ಮೇಸ್ತ್ರಿಗಳು ಸ್ಲ್ಯಾಬಿಗೆ ಇಡುವುದು 20. ಕೆಲವೇ ವರ್ಷದಲ್ಲಿ ಸ್ಲ್ಯಾಬಿನ ಅಡಿ ಕಂದು ಗೆರೆ, ಆಮೇಲೆ ಹೊಪ್ಪಳೆ ಬೀಳುವುದು ಇದರಿಂದಲೇ. ಹೊಯ್ಗೆ ದಂಡೆಯದ್ದು ಬಳಸಿದರೆ ಉಪ್ಪು ಒಳಗಿನಿಂದಲೇ ಶುರು. ರೇಲಿಂಗಿಗೆ 304 ಸ್ಟೀಲೂ ಕಲೆ ಹಿಡೀತದೆ, 316 ತನ್ನಿ. ಹಳೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ, ಹೆಂಚಿನ ಮಾಡು ಇದ್ದರೆ ಒಡೆಯಬೇಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಈ ಗಾಳಿ ಮಳೆಯ ನಡುವೆಯೇ. ಹೆಂಚು ತುಕ್ಕು ಹಿಡಿಯುವುದಿಲ್ಲ, ಒಡೆದದ್ದನ್ನು ಒಂದೊಂದಾಗಿ ಬದಲಿಸಬಹುದು.

ಪಡುಗಾಳಿ
ತುಂಬ ಉಪಕಾರ ಎಲ್ಲರಿಗೂ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ (ಚೊಕ್ಕ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಕ್ರಮವನ್ನು ನಾವೇ ಅನುಸರಿಸಬಹುದಾ? 2020ರಲ್ಲಿ ಅಲ್ಲಿನ ಎಂಡ್ ಪಾಯಿಂಟ್ ಬೀಚಿಗೆ ಸಿಕ್ಕಿದ್ದು ಒಂದು ತುಂಡು ಬೀಚಿಗೆ ಮಾತ್ರ ಅಲ್ವಾ?

ಅಳಿವೆಬಾಗಿಲು
ಹೌದು, ಗಡಿ ಹಾಕಿದ ಒಂದು ಭಾಗಕ್ಕೆ ಮಾತ್ರ. ಪೂರ್ತಿ 33 ಮಾನದಂಡ ಪಂಚಾಯತಿಗೆ ಹೊರೆ. ನೀರಿನ ಪರೀಕ್ಷೆಯ ಭಾಗವನ್ನು ಮಾತ್ರ ತೆಗೆದುಕೊಳ್ಳಿ: ಋತುವಿಗೆ ಕನಿಷ್ಠ ಐದು ಸಲ, ಎರಡು ಮಾದರಿಗಳ ನಡುವೆ 31 ದಿನ ಮೀರದಂತೆ. 100 ಮಿ.ಲೀ ನೀರಿನಲ್ಲಿ ಇ-ಕೊಲೈ 250, ಎಂಟೆರೊಕಾಕೈ (ಇದೂ ಮಲದ ಬ್ಯಾಕ್ಟೀರಿಯಾ) 100 ದಾಟಬಾರದು. ತೋಡು (ಸಣ್ಣ ಹಳ್ಳ) ಕಡಲಿಗೆ ಸೇರುವ ಜಾಗದಿಂದಲೂ ಒಂದು ಮಾದರಿ ತೆಗೆಯಿರಿ, ಪಿಟ್ಟಿನ ನೀರು ಮೊದಲು ಕಾಣುವುದು ಅಲ್ಲೇ.

ಬಾವಿಕಟ್ಟೆ
ಟಿಡಿಎಸ್ ಮೀಟರ್ ಹೊಸದಾಗಿ ತೆಗೆದರೆ 1413 ಮೈಕ್ರೋಸೀಮೆನ್ಸಿನ ದ್ರಾವಣದಲ್ಲಿ ಒಮ್ಮೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಎರಡು ಮೀಟರಿನ ರೀಡಿಂಗ್ ತಾಳೆ ಆಗುವುದಿಲ್ಲ. ಊರಿಗೆಲ್ಲ ಒಂದೇ ಮೀಟರ್ ಬಳಸಿದರೆ ಇನ್ನೂ ಒಳ್ಳೆಯದು. ಡಿಸೆಂಬರ್ ಮೊದಲ ಭಾನುವಾರ ಶುರು ಮಾಡಿ.